ಫೋನ್ ರೆಕಾರ್ಡಿಂಗ್: ತಾಲ್ಲೂಕು ವರದಿಗಾರರಿಗೂ ಕಾನೂನು ಕಲಿಸಿ

ಕರ್ನಾಟಕ ಮಾಧ್ಯಮ ಅಕಾಡೆಮಿಯ ಅಧ್ಯಕ್ಷರಿಗೆ,



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ವರದಿಗಾರರಿಗೆ ಸುದ್ದಿ ಹೆಚ್ಚಾಗಿ ಬರುವುದು ಫೋನಿನಲ್ಲೇ. ಅನೇಕರ ಮೊಬೈಲ್‌ನಲ್ಲಿ ಪ್ರತಿ ಕರೆಯೂ ತಾನಾಗಿಯೇ ರೆಕಾರ್ಡ್ ಆಗುತ್ತದೆ. ಅದನ್ನು ಎಲ್ಲಿಯವರೆಗೆ ಬಳಸಬಹುದೆಂದು ಯಾರೂ ಹೇಳಿಕೊಟ್ಟಿಲ್ಲ.

ನಾನೂ ಮಾತಾಡಿದ ಕರೆಯನ್ನು ರೆಕಾರ್ಡ್ ಮಾಡಿಕೊಂಡರೆ ಅಷ್ಟಕ್ಕೇ ಅಪರಾಧವಾಗುವುದಿಲ್ಲ. ಲಂಚದ ಪ್ರಕರಣವೊಂದರಲ್ಲಿ ಮುಂಬೈನ ವೈದ್ಯರೊಬ್ಬರ ಒಪ್ಪಿಗೆ ಪಡೆದು ಪೊಲೀಸರು ಅವರ ಫೋನಿಗೆ ಯಂತ್ರ ಜೋಡಿಸಿ ದಾಖಲಿಸಿದ್ದ ಮಾತನ್ನು ಸುಪ್ರೀಂ ಕೋರ್ಟ್ 1972ರಲ್ಲೇ, ಮಲ್ಕಾನಿ ತೀರ್ಪಿನಲ್ಲಿ, ಸಾಕ್ಷ್ಯವಾಗಿ ಒಪ್ಪಿದೆ. ಇಬ್ಬರ ಮಾತನ್ನು ಮೂರನೆಯವ ಅಕ್ರಮವಾಗಿ ಕದ್ದಾಲಿಸಿದರೆ ಮಾತ್ರ 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕದ್ದಾಲಿಕೆಯ ವಿವಾದ 1988ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಪದವಿಯನ್ನೇ ಕಸಿಯಿತು. 2019ರಲ್ಲಿ ಬೆಂಗಳೂರು ಪೊಲೀಸ್ ಕಮಿಷನರ್ ಅವರದೆನ್ನಲಾದ ಸಂಭಾಷಣೆ ಟಿ.ವಿ.ಯಲ್ಲಿ ಬಂತು, ಕದ್ದಾಲಿಕೆಯ ತನಿಖೆ ಸಿಬಿಐಗೆ ಹೋಯಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಪೀಠಾಧ್ಯಕ್ಷರ ಫೋನನ್ನೂ ಕದ್ದಾಲಿಸಲಾಗಿತ್ತೆಂಬ ಆರೋಪ ಆಗಲೇ ಕೇಳಿಬಂದದ್ದು. ಆಡಿಯೋ ಕೈಗೆ ಬಂದಾಗ ವರದಿಗಾರ ಮೊದಲು ಕೇಳಬೇಕಾದ್ದು ಇದನ್ನೇ: ರೆಕಾರ್ಡ್ ಮಾಡಿದವರು ಮಾತಾಡಿದವರಲ್ಲೊಬ್ಬರೋ, ಮೂರನೆಯವರೋ?

ನನ್ನ ಚಿಂತೆ ಹೆಚ್ಚಾಗಿ ಸುದ್ದಿ ಕೊಟ್ಟವರ ಬಗ್ಗೆ. ಬೇಬಿಬೆಟ್ಟದ ಕಲ್ಲುಗಣಿಯ ಬಗ್ಗೆ ಪಕ್ಕದ ಊರಿನವರೊಬ್ಬರು ಫೋನ್ ಮಾಡಿದರು ಎನ್ನಿ. ಪತ್ರಿಕೆಯಲ್ಲಿ ಹೆಸರು ಹಾಕದಿದ್ದರೂ ಅರ್ಧ ನಿಮಿಷದ ಆಡಿಯೋ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದರೆ ಸಾಕು, ದನಿ ಕೇಳಿದ ಕೂಡಲೇ ಇಂಥ ಮನೆಯವರೆಂದು ಊರೇ ಗುರುತು ಹಿಡಿಯುತ್ತದೆ. ಆಮೇಲೆ ಅವರು ಆ ಊರಲ್ಲೇ ಬಾಳಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪಿಗೆ ಕಾರಣರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಲ್ಲಿದ್ದವರೇ. ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಯಲ್ಲಂತೂ ಗುರುತು ಬಿಟ್ಟುಕೊಡುವ ಯಾವ ವಿವರವನ್ನೂ ಪ್ರಕಟಿಸದಂತೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ತಡೆಯುತ್ತದೆ.

ನಾಳೆ ಮಾನನಷ್ಟದ ಕೇಸು ಬಿದ್ದರೆ ನಮ್ಮನ್ನು ಕಾಯಬೇಕಾದ್ದೂ ಅದೇ ರೆಕಾರ್ಡಿಂಗ್. ಆದರೆ ಕಾಪಿ ಮಾಡಿದ ಆಡಿಯೋ ಕೋರ್ಟಿನಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಬೇಕಾದಷ್ಟು ಕತ್ತರಿಸಿಕೊಂಡು ಮೂಲ ಫೈಲನ್ನೇ ಅಳಿಸಿದರೆ ಏನನ್ನು ತೋರಿಸುವುದು?

ಆದ್ದರಿಂದ ಅಕಾಡೆಮಿ ನಮ್ಮಲ್ಲಿಗೇ ಬರಲಿ. ಈ ನಾಲ್ಕೂ ಊರುಗಳಲ್ಲಿ ಕೋರ್ಟುಗಳಿವೆ, ವಕೀಲರಿದ್ದಾರೆ. ಅವರನ್ನು ಸೇರಿಸಿಕೊಂಡು ತಾಲ್ಲೂಕಿಗೊಂದು ದಿನದ ತರಗತಿ ನಡೆಸಿ, ಕನ್ನಡದಲ್ಲೊಂದು ಕೈಪಿಡಿ ಕೊಡಿ. ಸುದ್ದಿಗಿಷ್ಟು ಎಂದು ಪುಡಿಗಾಸಿಗೆ ದುಡಿಯುವ ನಮ್ಮ ಹುಡುಗರಿಗೆ ಕೇಸು ಬಿದ್ದ ಮೇಲೆ ವಕೀಲರಿಗೆ ಫೀಸು ಕಟ್ಟುವ ಶಕ್ತಿಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ತಾಲ್ಲೂಕು ವರದಿಗಾರ