ಒಡ್ಡು ಒಡೆದ ಮೇಲೆ ಪಂಚನಾಮೆ ಯಾಕೆ?



ನಿಮಗೊಂದು ಸರಳ ಪ್ರಶ್ನೆ. ನಿಮ್ಮೂರ ಕೆರೆಯ ಒಡ್ಡನ್ನು ಈ ತುದಿಯಿಂದ ಆ ತುದಿಯವರೆಗೆ ಕಡೇ ಸಲ ನಡೆದು ನೋಡಿದವರು ಯಾರು? ಯಾವಾಗ? ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಯ ಬಹಳಷ್ಟು ಹಳ್ಳಿಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ನಾವು ಬರದ ಜನ, ನಿಜ. ಆದರೆ ನಮ್ಮ ಜಿಲ್ಲೆಗೆ ಬರುವ ಮಳೆ ಸೆಪ್ಟೆಂಬರಿನಲ್ಲೇ ಹೆಚ್ಚು ಸುರಿಯುತ್ತದೆ. ಸುರಿದರೆ ಹಳ್ಳಕ್ಕೆ ಪುರುಸೊತ್ತು ಕೊಡುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನೀವು ಮರೆತಿರಲಿಕ್ಕಿಲ್ಲ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಅಂತಾರೆ. ಅದೇ ಡೋಣಿ ಮೈದುಂಬಿ ಬಂದರೆ ಹೊಲಕ್ಕೆ ಹೊಲವೇ ಹೋಗುತ್ತದೆ. ಆ ಹೊತ್ತಿಗೆ ಹೊಲದಲ್ಲಿ ತೊಗರಿ, ಹತ್ತಿ, ಉಳ್ಳಾಗಡ್ಡಿ ನಿಂತಿರುತ್ತವೆ. ಬೀಜ ಗೊಬ್ಬರದ ಸಾಲ ಸೊಸೈಟಿಯ ಪುಸ್ತಕದಲ್ಲಿ ಕೂತಿರುತ್ತದೆ.

ಮಣ್ಣಿನ ಒಡ್ಡು ಸುಮ್ಮಸುಮ್ಮನೆ ಒಡೆಯುವುದಿಲ್ಲ. ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಕೋಡಿ ಸಾಲದೆ ನೀರು ಒಡ್ಡಿನ ನೆತ್ತಿ ಹತ್ತಿ ಹರಿಯುವುದು. ಎರಡು, ಒಡ್ಡಿನ ಹೊಟ್ಟೆಯೊಳಗೆ ನೀರು ದಾರಿ ಮಾಡಿಕೊಂಡು ಮಣ್ಣನ್ನು ಕಣಕಣವಾಗಿ ಹೊತ್ತೊಯ್ಯುವುದು. ನಮ್ಮ ಎರಿ ಮಣ್ಣು ಬ್ಯಾಸಗಿಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕು, ಹೆಗ್ಗಣದ ಬಿಲ, ಕೊಳೆತ ಜಾಲಿ ಬೇರಿನ ತೂತು, ತೂಬಿನ ಮಗ್ಗುಲ ಸಂದು, ಇವೇ ನೀರಿಗೆ ದಾರಿ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಒಂದು ಸಣ್ಣ ಮಣ್ಣಿನ ಅಣೆಕಟ್ಟು ಒಡೆಯಿತು. ಅದು ಕಟ್ಟಿ ಮುಗಿದು ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಇಪ್ಪತ್ತರ ಆಸುಪಾಸು ಜೀವ ಹೋದವು. ನೀರು ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಸಚಿವರೊಬ್ಬರು, ಇದು ಏಡಿಗಳ ಕೆಲಸ ಎಂದರು! ಏಡಿ ತೂತು ಕೊರೆದಿತ್ತು ಅಂತಲೇ ಇಟ್ಟುಕೊಳ್ಳಿ. ತೂತು ನೋಡಲು ಸಂಬಳ ತಗೊಳ್ಳುವವರು ಎಲ್ಲಿದ್ದರು?

ಆಲಮಟ್ಟಿಯಂಥ ದೊಡ್ಡ ಅಣೆಕಟ್ಟಿಗೆ ಇಂಜಿನಿಯರರಿದ್ದಾರೆ, ಕಾವಲಿದೆ, ಕಾನೂನಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಹಾಗೂ ಕೆಲವು ಷರತ್ತಿಗೆ ಒಳಪಟ್ಟ 10ರಿಂದ 15 ಮೀಟರಿನವಕ್ಕೆ ಮಾತ್ರ. ನಿಮ್ಮೂರ ಒಡ್ಡು ಬಹುಮಟ್ಟಿಗೆ ಅದರ ಹೊರಗೆ. 40 ಹೆಕ್ಟೇರಿಗಿಂತ ಕಡಿಮೆ ನೀರುಣಿಸುವ ಕೆರೆ ಪಂಚಾಯ್ತಿಗಳ ಪಾಲು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು. ಕಾಗದದ ಮೇಲೆ ಒಡೆಯನಿದ್ದಾನೆ, ಒಡ್ಡಿನ ಮೇಲೆ ಯಾರೂ ಇಲ್ಲ.

ಈಗ ಇನ್ನೊಂದು ಮಾತು ಸೇರಿದೆ. ಕೃಷ್ಣೆಯ ನೀರನ್ನು ಎತ್ತಿ ಕೆರೆ ತುಂಬಿಸುತ್ತಿದ್ದಾರೆ. ಒಳ್ಳೆಯದೇ, ರೈತರು ಹೋರಾಡಿ ಕೇಳಿದ್ದೇ ಅದು. ಆದರೆ ವರ್ಷದ ಬಹುಕಾಲ ಒಣಗಿ ನಿಂತ ಒಡ್ಡಿಗೆ ಈಗ ತಿಂಗಳುಗಟ್ಟಲೆ ನೀರಿನ ಭಾರ. ಕಾಲುವೆ ನೀರಿನಿಂದಲೇ ಕೆರೆ ಅಂಚಿಗೆ ಬಂದಿದ್ದರೆ ಸೆಪ್ಟೆಂಬರಿನ ಅಡ್ಡಮಳೆ ನಿಲ್ಲುವುದೆಲ್ಲಿ? ಪೂರಾ ಹೊರೆ ಕೋಡಿಯ ಮೇಲೆ. ಆದ್ದರಿಂದ ನೀರು ಬಿಡುವ ಮೊದಲು ಒಡ್ಡು ನೋಡಬೇಕು, ಮಳೆಗಾಲದಲ್ಲಿ ಕೆರೆಯಲ್ಲಿ ಒಂದಿಷ್ಟು ಜಾಗ ಬಿಡಬೇಕು ಎಂದು ಕೇಳಿರಿ.

ಕೇಳುವ ಮೊದಲು ನಮ್ಮ ಕೈ ಸ್ವಚ್ಛ ಇರಲಿ. ಇನ್ನೊಂದು ಗೇಣು ನೀರು ನಿಲ್ಲಲಿ ಎಂದು ಕೋಡಿಗೆ ಕಲ್ಲು, ಚೀಲ ಒಟ್ಟುವವರು ನಮ್ಮವರೇ. ಕೋಡಿ ನೀರು ಹೋಗುವ ಹಳ್ಳವನ್ನು ಉತ್ತು ಬಿತ್ತುವವರು, ಒಡ್ಡಿನ ಬುಡದ ಗರಸನ್ನು ಟ್ರ್ಯಾಕ್ಟರಿಗೆ ತುಂಬುವವರು, ಒಡ್ಡು ತಗ್ಗಾಗುವಂತೆ ಬಂಡಿ ದಾಟಿಸುವವರೂ ನಮ್ಮವರೇ. ಇದು ನಿಲ್ಲದೆ ಇಲಾಖೆಯನ್ನು ಬೈದರೆ ಮಾತಿಗೆ ತೂಕ ಬರುವುದಿಲ್ಲ.

ನೋಡುವುದೇನು? ಮುಂಗಾರಿಗೆ ಮುಂಚೆ ಬಿರುಕು, ಬಿಲ, ಕುಸಿದ ಕಲ್ಲು, ತಗ್ಗಾದ ನೆತ್ತಿ ನೋಡಿರಿ. ಜಾಲಿ ಗಿಡ ಸಣ್ಣದಿದ್ದಾಗಲೇ ಕೀಳಿರಿ. ಕೆರೆ ತುಂಬಿದಾಗ ಒಡ್ಡಿನ ಹಿಂದಿನ ಬುಡವನ್ನು ದಿನಾ ನೋಡಿರಿ. ತಿಳಿನೀರು ಜಿನುಗಿದರೆ ಗುರುತು ಹಾಕಿ ಕಣ್ಣಿಡಿರಿ. ರಾಡಿ ನೀರು ಬಂತೋ, ಒಳಗಿನ ಮಣ್ಣು ಹೊರಟಿತು ಅಂತ ತಿಳೀರಿ. ಕೂಡಲೇ ಕೆಳಗಿನ ಮನಿಗಳವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಿರಿ, ತಹಶೀಲ್ದಾರರಿಗೆ ತಿಳಿಸಿರಿ, ಇಂಜಿನಿಯರರನ್ನು ಕರೆಸಿ ತೂಬು ತೆಗೆದು ನೀರು ಇಳಿಸಲು ಹೇಳಿರಿ. ಜಿನುಗುವ ಬಾಯಿಗೆ ಎರಿ ಮಣ್ಣು ತುರುಕಬೇಡಿ, ನೀರು ಬೇರೆ ಕಡೆ ಒಡೆಯುತ್ತದೆ. ಅಲ್ಲಿ ಮರಳು, ಅದರ ಮೇಲೆ ಕಡಿ ಹೇರಿದರೆ ನೀರು ಬಸಿದು ಮಣ್ಣು ಉಳಿಯುತ್ತದೆ.

ಇನ್ನು ದುಡ್ಡಿನ ಲೆಕ್ಕ. ಕೇಂದ್ರ ಸರ್ಕಾರ 2022ರಲ್ಲಿ ಇಟ್ಟ ದರದಂತೆ ಮಳೆ ಆಶ್ರಿತ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ. ಅಂದರೆ ಎಕರೆಗೆ ಸುಮಾರು 3,400. ಅದೂ 2 ಹೆಕ್ಟೇರಿನ ಮಿತಿಯೊಳಗೆ. ಉಳುಮೆ, ಬೀಜ, ಗೊಬ್ಬರ, ಕಳೆಯ ಕೂಲಿ ನೀವೇ ಕೂಡಿಸಿ ನೋಡಿರಿ. ಕೊಚ್ಚಿಹೋದ ಮೇಲ್ಮಣ್ಣಿಗೆ ತಲೆಮಾರು ಬೇಕು. ಬೆಳೆ ಹೋಗುತ್ತದೆ, ಮಣ್ಣು ಹೋಗುತ್ತದೆ. ಸಾಲ ಮಾತ್ರ ಹೋಗುವುದಿಲ್ಲ, ಬಡ್ಡಿ ಸಮೇತ ಬೆಳೆಯುತ್ತದೆ. ಒಡ್ಡಿನ ಉಸ್ತುವಾರಿ ಮಾಡದ ಸರ್ಕಾರ ಉಳಿಸಿದ ಖರ್ಚು ಹೀಗೆ ರೈತನ ಖಾತೆಗೆ ಬಾಕಿಯಾಗಿ ಬರುತ್ತದೆ.

ಆದ್ದರಿಂದ ಈ ಸಲದ ಗ್ರಾಮಸಭೆಯಲ್ಲಿ ಮೂರು ಮಾತು ಠರಾವು ಮಾಡಿಸಿರಿ. ಒಡ್ಡು ಯಾರ ವಶದಲ್ಲಿದೆ ಎಂಬುದು ಬರಹದಲ್ಲಿ ಬರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇಂಜಿನಿಯರರು ಊರವರ ಎದುರಿಗೆ ಒಡ್ಡು ನಡೆದು ನೋಡಿ ಸಹಿ ಹಾಕಲಿ. ರಿಪೇರಿಗೆ ಪ್ರತಿವರ್ಷ ಹಣ ತೆಗೆದಿಡಲಿ. ಠರಾವಿನ ನಕಲು, ಕೊಟ್ಟ ಅರ್ಜಿಯ ಸ್ವೀಕೃತಿ ನಿಮ್ಮ ಹತ್ತಿರ ಇರಲಿ. ನಾಳೆ ಒಡ್ಡು ಒಡೆದು ಸಾಲ ವಸೂಲಿಗೆ ನೋಟೀಸು ಬಂದರೆ, ತಪ್ಪು ಯಾರದೆಂದು ಹೇಳುವ ಕಾಗದ ಅದೇ.

ಒಡೆದ ಮೇಲೆ ಪಂಚನಾಮೆಗೆ ಬರುವ ಜೀಪು ಒಡೆಯುವ ಮೊದಲೇ ಬರಬೇಕು. ಬರುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ.