ಸುತ್ತಿಗೆಯನ್ನು ಹುಡುಕಲು ಹೋದವನು

ಮೊನ್ನೆ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನೆರೆಮನೆಯ ರಾಯರು ಕೈಯಲ್ಲೊಂದು ಕಾಗದ ಹಿಡಿದು ನಮ್ಮ ಮನೆಯ ಮೆಟ್ಟಲೇರಿದರು. ಅವರ ಮಗ ಇಂಗ್ಲೆಂಡಿನಲ್ಲಿ ವೈದ್ಯ. ಸಫಕ್ ಸೀಮೆಯ ಸಣ್ಣ ಊರೊಂದರಲ್ಲಿ ಸಂಸಾರ. ಅಲ್ಲಿಂದ ಹನ್ನೆರಡು ವರ್ಷದ ಮೊಮ್ಮಗ ತಾತನಿಗೆ ಬರೆದಿದ್ದ: ಹುಟ್ಟುಹಬ್ಬಕ್ಕೆ ಒಂದು ಮೆಟಲ್ ಡಿಟೆಕ್ಟರ್ ಬೇಕು, ಹಳೆಯ ನಾಣ್ಯಗಳನ್ನು ಹುಡುಕಬೇಕು, ಅಪ್ಪ ಒಪ್ಪುತ್ತಿಲ್ಲ, ತಾತ ಒಂದು ಮಾತು ಹೇಳಿದರೆ ಒಪ್ಪಿಯಾರು.

"ಸ್ವಾಮಿ, ನೀವು ಇಂಥದ್ದನ್ನೆಲ್ಲ ಓದುವವರು. ಯಾವ ಯಂತ್ರ ಒಳ್ಳೆಯದು, ಹೇಳಿ," ಎಂದ ರಾಯರು ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು ಮಾತು. ರಜೆಗೆ ಬರುವಾಗ ಹುಡುಗ ಅದನ್ನು ಇಲ್ಲಿಗೂ ತಂದರೆ, ನಮ್ಮೂರಿನ ಹಾಳು ಕೋಟೆಯಲ್ಲಿ ಒಂದು ಸುತ್ತು ಹಾಕಬಹುದಲ್ಲವೆ? ಅಲ್ಲಿ ಕೊಪ್ಪರಿಗೆ ಹೊನ್ನಿದೆಯೆಂದು ನಮ್ಮಜ್ಜಿ ಹೇಳುತ್ತಿದ್ದರು."

ರಾಯರ ಎರಡು ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರವನ್ನೇ ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಯಂತ್ರದ ಗುಣವನ್ನು ತಿಳಿಯೋಣ. ಉದ್ದನೆಯ ಕೋಲಿನ ತುದಿಯಲ್ಲಿ ಒಂದು ತಟ್ಟೆ. ಅದರೊಳಗೆ ತಾಮ್ರದ ತಂತಿಯ ಸುರುಳಿಗಳು. ಒಂದು ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುವಾಗ ನೆಲದೊಳಕ್ಕೆ ಕಾಂತಕ್ಷೇತ್ರ ಹಬ್ಬುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ಹುಟ್ಟಿಸುವ ಮರುಕ್ಷೇತ್ರವನ್ನು ಎರಡನೆಯ ಸುರುಳಿ ಗುರುತಿಸುತ್ತದೆ. ಅದು ನಮ್ಮ ಕಿವಿಗೆ ನಾದವಾಗಿ ಮುಟ್ಟುತ್ತದೆ. ಇದರಲ್ಲಿ ಮಂತ್ರವಿಲ್ಲ, ಅಂಜನವಿಲ್ಲ.

ಟೆಲಿಫೋನಿನ ಜನಕ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇಂಥದೇ ತತ್ತ್ವದ ಉಪಕರಣವನ್ನು ಹಿಡಿದು, ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿ ಗುಂಡು ಎಲ್ಲಿದೆಯೆಂದು ಹುಡುಕಿದನು. ಗುಂಡು ಸಿಕ್ಕಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಸದ್ದನ್ನು ಕೆಡಿಸಿದವೆಂದು ಹೇಳುತ್ತಾರೆ. ಯಂತ್ರ ಲೋಹವಿದೆಯೆಂದು ಹೇಳೀತು. ಅದು ಗುಂಡೋ ಸ್ಪ್ರಿಂಗೋ ಎಂಬ ವಿವೇಚನೆ ಆಗಿನ ಯಂತ್ರಕ್ಕೆ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೆಲಬಾಂಬುಗಳನ್ನು ಹುಡುಕಲು ಸೈನಿಕರು ಇಂಥ ಶೋಧಕಗಳನ್ನು ಹೊತ್ತು ನಡೆದರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಹವ್ಯಾಸಿಗಳ ಕೈಗೆ ಬಂತು.

ಇಂದಿನ ಯಂತ್ರಗಳು ಸ್ವಲ್ಪ ಜಾಣತನ ಕಲಿತಿವೆ. ಕಬ್ಬಿಣಕ್ಕೆ ಒಂದು ನಾದ, ಬೆಳ್ಳಿ ತಾಮ್ರಗಳಿಗೆ ಇನ್ನೊಂದು ನಾದ ಕೊಡುತ್ತವೆ. ಆದರೆ ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯುಮಿನಿಯಂ ಉಂಗುರವೂ ಸಣ್ಣ ಚಿನ್ನದ ನಾಣ್ಯವೂ ಅವುಗಳ ಕಿವಿಗೆ ಬಹುಮಟ್ಟಿಗೆ ಒಂದೇ! ಕಸ ಬೇಡವೆಂದು ಆ ನಾದವನ್ನೇ ಅಡಗಿಸಿಟ್ಟರೆ ಚಿನ್ನವೂ ಕಸದೊಡನೆ ನೆಲದಲ್ಲೇ ಉಳಿಯುತ್ತದೆ.

ಕೊಳ್ಳುವಾಗ ಗಮನಿಸಬೇಕಾದುದು ನಾಲ್ಕು. ಒಂದು, ತೂಕ: ಮಗು ಒಂದು ಗಂಟೆ ತೂಗಾಡಿಸಿದರೂ ತೋಳು ಸೋಲಬಾರದು. ಎರಡು, ತಟ್ಟೆಯ ಅಳತೆ: ದೊಡ್ಡ ತಟ್ಟೆ ಆಳವನ್ನು ಮುಟ್ಟುತ್ತದೆ, ಸಣ್ಣದು ಕಸದ ನಡುವೆಯೂ ಒಂದೊಂದು ವಸ್ತುವನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಮೂರು, ನೆಲಕ್ಕೆ ಹೊಂದಿಸಿಕೊಳ್ಳುವ ಏರ್ಪಾಡು: ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣೇ ಲೋಹದಂತೆ ಕೂಗಿ ಮೋಸಗೊಳಿಸುತ್ತದೆ, ಆ ಕೂಗನ್ನು ಕಳೆಯುವ ಗುಂಡಿ ಇರಬೇಕು. ನಾಲ್ಕು, ಆವರ್ತ: ತೆಳುವಾದ ಸಣ್ಣ ನಾಣ್ಯಗಳಿಗೆ ಹೆಚ್ಚಿನ ಆವರ್ತ ಒಳ್ಳೆಯದು, ಆಳದಲ್ಲಿರುವ ದೊಡ್ಡ ಬೆಳ್ಳಿಯ ನಾಣ್ಯಗಳಿಗೆ ಕಡಮೆಯದು. ಏಕಕಾಲದಲ್ಲಿ ಹಲವು ಆವರ್ತಗಳನ್ನು ಹೊರಡಿಸುವ ಯಂತ್ರಗಳೂ ಇವೆ. ಸಮುದ್ರತೀರದ ಉಪ್ಪುಮರಳಿಗೆ ಬೇರೆಯೇ ಬಗೆಯ ಯಂತ್ರವುಂಟು. ಹೊಲದಲ್ಲಿ ಓಡಾಡುವ ಹುಡುಗನಿಗೆ ಅದು ಬೇಡ. ಮೊದಲ ವರ್ಷಕ್ಕೆ ಸಾಧಾರಣ ಬೆಲೆಯ ಯಂತ್ರ, ಹೆಡ್‌ಫೋನ್, ಒಂದು ಕರಣೆ, ಇಷ್ಟು ಸಾಕು.

ಆಳದ ವಿಷಯದಲ್ಲಿ ಜಾಹೀರಾತುಗಳನ್ನು ನಂಬಿ ಕೆಡಬಾರದು. ಒಂಟಿ ನಾಣ್ಯವನ್ನು ಸಾಮಾನ್ಯ ಯಂತ್ರವು ಒಂದು ಗೇಣಿನ ಆಸುಪಾಸಿನಲ್ಲಿ ಕಂಡರೆ ಅದೇ ಹೆಚ್ಚು. ತಟ್ಟೆಯನ್ನು ನೆಲಕ್ಕೆ ಸಮನಾಗಿ, ತಗ್ಗಾಗಿ ಹಿಡಿದು, ನಿಧಾನವಾಗಿ ಬೀಸಬೇಕು. ಹಿಂದಿನ ಬೀಸಿನ ಅರ್ಧವನ್ನು ಮುಂದಿನ ಬೀಸು ಮುಚ್ಚಬೇಕು. ಓಡುವವನಿಗೆ ನಾಣ್ಯ ಸಿಕ್ಕುವುದಿಲ್ಲ. ನಾದ ಬಂದ ಎಡೆಯಲ್ಲಿ ಅಡ್ಡಲಾಗಿಯೂ ಬೀಸಿ, ಎರಡು ಗೆರೆಗಳು ಕೂಡುವಲ್ಲಿ ಹುಲ್ಲುಹೆಪ್ಪನ್ನು ಮುಚ್ಚಳದಂತೆ ಎತ್ತಿ ನೋಡಬೇಕು. ಆಮೇಲೆ ಹಾಗೆಯೇ ಮುಚ್ಚಬೇಕು. ಇಂಗ್ಲೆಂಡಿನ ಹೊಲಗಳಲ್ಲಿ ಯುದ್ಧಕಾಲದ ಸಿಡಿಗುಂಡುಗಳು ಈಗಲೂ ಸಿಕ್ಕುವುದುಂಟು. ಅಂಥದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರನ್ನು ಕರೆಯತಕ್ಕದ್ದು. ಇನ್ನು ನಾಣ್ಯ ಸಿಕ್ಕಿತೆನ್ನಿ: ತಿಕ್ಕಿ ತೊಳೆಯಕೂಡದು. ಹಿತ್ತಾಳೆಯ ಬಿಂದಿಗೆಯನ್ನು ಬೆಳಗುವ ಹುಣಸೆಹಣ್ಣಿನ ವಿದ್ಯೆ ಹಳೆಯ ನಾಣ್ಯದ ಮುಖವನ್ನೇ ಅಳಿಸಿಬಿಡುತ್ತದೆ.

"ಇಷ್ಟೇ ತಾನೆ?" ಎಂದರು ರಾಯರು. ಇಷ್ಟೇ ಅಲ್ಲ. ಅವರ ಮಗನಿರುವ ಸಫಕ್ ಸೀಮೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳಬೇಕಾಯಿತು.

1992ರ ನವೆಂಬರಿನಲ್ಲಿ, ಹಾಕ್ಸನ್ ಎಂಬ ಹಳ್ಳಿಯ ಬಳಿ ಪೀಟರ್ ವಾಟ್ಲಿಂಗ್ ಎಂಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಅವನ ಗೆಳೆಯ ಎರಿಕ್ ಲಾವ್ಸ್ ತನ್ನ ಶೋಧಕವನ್ನು ಹಿಡಿದು ಬಂದನು. ಈತ ಕೆಲಸದಿಂದ ನಿವೃತ್ತನಾದ ತೋಟಗಾರ. ಯಂತ್ರ ಗಟ್ಟಿಯಾಗಿ ಕೂಗಿತು. ಅಗೆದರೆ ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ನಾಣ್ಯದ ಮೇಲೆ ನಾಣ್ಯ! ಸಂಜೆಯೊಳಗೆ ಎಲ್ಲವನ್ನೂ ಬಾಚಿಕೊಳ್ಳಬಹುದಿತ್ತು. ಆದರೆ ಕೆಲವನ್ನು ಹೊರತೆಗೆದವನೇ ಕೈ ತಡೆದನು. ಅಂದೇ ಅಧಿಕಾರಿಗಳಿಗೆ ಸುದ್ದಿ ಮುಟ್ಟಿತು. ಮರುದಿನ ಪುರಾತತ್ತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ಬಿಡಿಸಿದರು.

ಸುಮಾರು 15,000 ರೋಮನ್ ನಾಣ್ಯಗಳು ಅಲ್ಲಿದ್ದವು. ಆದರೆ ಆ ಎಣಿಕೆಗಿಂತ ದೊಡ್ಡ ಲಾಭ ಇನ್ನೊಂದಾಯಿತು. ಮರದ ಪೆಟ್ಟಿಗೆ ಎಂದೋ ಮಣ್ಣಾಗಿದ್ದರೂ ವಸ್ತುಗಳು ಇಟ್ಟಲ್ಲೇ ಇದ್ದುದರಿಂದ, ಯಾವುದರ ಪಕ್ಕದಲ್ಲಿ ಯಾವುದನ್ನು ಅಟ್ಟಿಯಿಟ್ಟಿದ್ದರೆಂಬುದು ತಿಳಿಯಿತು. ಕಡೆಯ ನಾಣ್ಯಗಳು ಕ್ರಿ.ಶ. 407-408ರವು, ಬ್ರಿಟನ್ನಿನಲ್ಲಿ ರೋಮನರ ಆಳ್ವಿಕೆ ಕುಸಿಯುತ್ತಿದ್ದ ಕಾಲ. ಯಾವುದೋ ಸಿರಿವಂತ ಮನೆತನ ಮನೆಯ ಚಿನ್ನಬೆಳ್ಳಿಯನ್ನು ಜೋಡಿಸಿ ಹೂತಿಟ್ಟು, ಮರಳಿ ಬಾರದೆ ಹೋದ ಕಥೆಯನ್ನು ಆ ಜೋಡಣೆಯೇ ಹೇಳಿತು. ಬಾಚಿ ಚೀಲಕ್ಕೆ ತುಂಬಿದ್ದರೆ ಚಿನ್ನ ಉಳಿಯುತ್ತಿತ್ತು, ಕಥೆ ಅಳಿಯುತ್ತಿತ್ತು. ಲಾವ್ಸನಿಗೆ ಹದಿನೇಳೂವರೆ ಲಕ್ಷ ಪೌಂಡುಗಳ ಬಹುಮಾನ ಸಂದಿತು. ಅದನ್ನು ಆತ ರೈತನೊಡನೆ ಹಂಚಿಕೊಂಡನು. ಕಳೆದುಹೋಗಿದ್ದ ಸುತ್ತಿಗೆಯೂ ಸಿಕ್ಕಿತು. ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಅಲ್ಲಿ ಆಮೇಲೆ 1996ರಲ್ಲಿ ಹೊಸ ಕಾಯಿದೆಯೇ ಬಂದಿತು. ಮುನ್ನೂರು ವರ್ಷಕ್ಕೂ ಹಳೆಯದಾದ ಎರಡು ಬೆಳ್ಳಿಯ ಅಥವಾ ಚಿನ್ನದ ನಾಣ್ಯಗಳು ಒಟ್ಟಿಗೆ ಸಿಕ್ಕಿದರೂ ಹದಿನಾಲ್ಕು ದಿನಗಳೊಳಗೆ ತಿಳಿಸತಕ್ಕದ್ದು. ಹೊಲದೊಡೆಯನ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ರಕ್ಷಿತ ಸ್ಮಾರಕಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಯಂತ್ರವನ್ನು ಬಳಸುವುದೇ ಅಪರಾಧ. ಒಂಟಿ ನಾಣ್ಯ ಸಿಕ್ಕರೂ ಎಲ್ಲಿ ಸಿಕ್ಕಿತೆಂಬುದನ್ನು ಬರೆದುಕೊಳ್ಳುವ ಅಧಿಕಾರಿಗಳು ಅಲ್ಲಿದ್ದಾರೆ. ಆದುದರಿಂದ ಹುಡುಗನಿಗೆ ಯಂತ್ರದೊಡನೆ ಒಂದು ನೋಟುಪುಸ್ತಕವನ್ನೂ ಕೊಡಿಸಬೇಕು: ದಿನ, ಹೊಲ, ಆಳ, ಏನು ಸಿಕ್ಕಿತು.

ಇನ್ನು ನಮ್ಮೂರಿನ ಕೋಟೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನು ನೆನೆಯಿರಿ. ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಗೆಸಿದ ಆ ನೆಲವನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಪದರಪದರವಾಗಿ ಅಗೆಸಿದರು. ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯ ಅಲ್ಲಿ ದೊರೆತಿದೆ. ಶಾತವಾಹನರ ನಾಣ್ಯಗಳೂ ದೊರೆತಿವೆ. ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನೊಡನೆ ಸಿಕ್ಕಿತೆಂಬುದು ಗೊತ್ತಿರುವಾಗ ಮಾತ್ರ ಅಂಥ ನಾಣ್ಯವು ಆ ಪದರದ ಕಾಲವನ್ನು ಹೇಳಬಲ್ಲುದು. ಅದೇ ನಾಣ್ಯವನ್ನು ಯಾರೋ ಕಿತ್ತು ಕಿಸೆಗೆ ಹಾಕಿದ್ದರೆ ಅದು ಒಂದಿಷ್ಟು ಬೆಳ್ಳಿ, ಅಷ್ಟೆ.

ನಿಧಿಯಾಸೆ ಇನ್ನೂ ಕ್ರೂರವಾಗಬಲ್ಲುದು. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ, ತುಂಗಭದ್ರೆಯ ನಡುಗಡ್ಡೆಯ ಮೇಲೆ, ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಆ ಸುದ್ದಿ ಬಂದ ದಿನ ರಾಯರು ಊಟ ಬಿಟ್ಟು ಕುಳಿತುದು ನನಗೆ ನೆನಪಿದೆ. ಅದನ್ನು ನೆನಪಿಸಿದಾಗ ಅವರು ತಲೆ ತಗ್ಗಿಸಿದರು. ಕೈಯಲ್ಲಿ ಹಾರೆಯಿರಲಿ, ಯಂತ್ರವಿರಲಿ, ಕೊಪ್ಪರಿಗೆ ಹೊನ್ನಿನ ಆಸೆ ಒಂದೇ ಅಲ್ಲವೆ? ನಮ್ಮಲ್ಲಿ ರಕ್ಷಿತ ಸ್ಮಾರಕಗಳನ್ನು ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಬೇರೆ ಕಡೆ ತಾನಾಗಿ ಸಿಕ್ಕಿದ ನಿಧಿಯನ್ನೂ ಜಿಲ್ಲಾಧಿಕಾರಿಗೆ ತಿಳಿಸದೆ ಮುಚ್ಚಿಡುವಂತಿಲ್ಲ.

ರಾಯರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕಾಫಿ ಆರಿಹೋಗಿತ್ತು. ಕಡೆಗೆ ಜೇಬಿನಿಂದ ಪೆನ್ನು ತೆಗೆದು, ಕಾಗದದ ಬೆನ್ನಿನ ಮೇಲೆ ಮೊಮ್ಮಗನಿಗೆ ಉತ್ತರವನ್ನು ಅಲ್ಲಿಯೇ ಬರೆದರು. ಬರೆದುದನ್ನು ನನಗೆ ಓದಿ ಹೇಳಿದರು:

"ಚಿರಂಜೀವಿಗೆ ಆಶೀರ್ವಾದ. ಯಂತ್ರ ಕೊಡಿಸಲು ನಿಮ್ಮಪ್ಪನಿಗೆ ಹೇಳುತ್ತೇನೆ. ಒಂದು ನಾಣ್ಯ ಸಿಕ್ಕರೆ ಬರೆದಿಡು. ಎರಡು ಸಿಕ್ಕರೆ ಅಗೆಯುವುದನ್ನು ನಿಲ್ಲಿಸಿ ದೊಡ್ಡವರನ್ನು ಕರೆ. ರಜೆಗೆ ಬಂದಾಗ ನಮ್ಮೂರಿನ ಕೋಟೆಯನ್ನು ತೋರಿಸುತ್ತೇನೆ. ಯಂತ್ರವನ್ನು ಅಲ್ಲಿಯೇ ಬಿಟ್ಟು ಬಾ."