ಎದೆ ಒತ್ತುವುದನ್ನು ಬಡಾವಣೆಗೆ ಕಲಿಸಿ

ಪಿಪಿಇ ಕಿಟ್ ಸರಿಯಾಗಿ ತೊಡಲು ಪಳಗಿದ ನರ್ಸಿಗೂ ಕೆಲವು ನಿಮಿಷ ಬೇಕು. ಹೃದಯ ನಿಂತವರಿಗೆ ಅಷ್ಟು ಹೊತ್ತಿಲ್ಲ. ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ತುರ್ತು ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತಳಾದ ನನಗೆ, 2020ರಲ್ಲಿ ಕಿಟ್‌ನ ಜಿಪ್ ಎಳೆಯುತ್ತಾ ಮಾನಿಟರ್ ನೋಡಿದ ಆ ಗಳಿಗೆಗಳು ಈಗಲೂ ಸಂಕಟ ಕೊಡುತ್ತವೆ. ಕಿಟ್ ತೊಟ್ಟೇ ರೋಗಿಯನ್ನು ಮುಟ್ಟಬೇಕೆಂಬ ನಿಯಮ ತಪ್ಪಾಗಿತ್ತು ಎನ್ನಲಾರೆ. ಶುಶ್ರೂಷೆ ಮಾಡುವವರೇ ಸೋಂಕಿಗೆ ಸಾಯುತ್ತಿದ್ದ ಕಾಲವದು.

ಅದಕ್ಕಿಂತ ಹೆಚ್ಚು ಕಾಡುವುದು ಆಸ್ಪತ್ರೆಯ ಹೊರಗೆ ನಡೆದದ್ದು. ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಬೀದಿಗೊಬ್ಬರು ಡಾಕ್ಟರ್. ಬಾಪೂಜಿ, ಚಿಗಟೇರಿ ಆಸ್ಪತ್ರೆಗಳಿಗೆ ಆಟೊದಲ್ಲಿ ಹೋಗಿಬಿಡಬಹುದು. ಆದರೂ ಲಾಕ್‌ಡೌನ್ ರಾತ್ರಿ ಎದೆ ಹಿಡಿದುಕೊಂಡ ನೆರೆಮನೆಯ ಹಿರಿಯರನ್ನು ಮನೆಯವರು ಹೊರಡಿಸಲಿಲ್ಲ. ‘ಗ್ಯಾಸ್ ಇರಬೇಕು, ಅಕ್ಕಾರೆ. ಅಲ್ಲಿಗೆ ಹೋದ್ರೆ ಕೊರೊನಾ ಅಂತ ಕೂಡಿ ಹಾಕ್ತಾರೆ’ ಎಂದರು. ಬೆಳಗಿನ ಜಾವ ಅವರು ಕುಸಿದಾಗ ಜನ ಗೇಟಿನಾಚೆ ನಿಂತು ‘ಮುಟ್ಬ್ಯಾಡ್ರಿ’ ಎಂದು ಕೂಗುತ್ತಿದ್ದರು. ನಾನು ಒಳಗೆ ಓಡುವಷ್ಟರಲ್ಲಿ ತಡವಾಗಿತ್ತು.

ಇದು ಒಂದು ಬೀದಿಯ ಕಥೆಯಲ್ಲ. ಆ ಲಾಕ್‌ಡೌನ್‌ನಲ್ಲಿ ದೇಶದ ಆಸ್ಪತ್ರೆಗಳಿಗೆ ಹೃದಯಾಘಾತದಿಂದ ದಾಖಲಾದವರ ಸಂಖ್ಯೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತೆಂದು ಭಾರತೀಯ ಹೃದ್ರೋಗ ತಜ್ಞರ ಸಂಘದ ಅಧ್ಯಯನ ತೋರಿಸಿತು. ಆಘಾತಗಳೇ ಅಷ್ಟು ಕಡಿಮೆಯಾದವೆಂದು ನಾನು ನಂಬುವುದಿಲ್ಲ. ಪ್ಯಾರಿಸ್‌ನಲ್ಲಿ ಅದೇ ವರ್ಷದ ಮಾರ್ಚ್–ಏಪ್ರಿಲ್‌ನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಪ್ರಮಾಣ ದುಪ್ಪಟ್ಟಾಯಿತು. ಹತ್ತಿರ ಇದ್ದವರು ಎದೆ ಒತ್ತಿದ ಪ್ರಕರಣಗಳು ಶೇ 64ರಿಂದ 48ಕ್ಕೆ, ಜೀವಸಹಿತ ಆಸ್ಪತ್ರೆಗೆ ದಾಖಲಾದವರ ಪ್ರಮಾಣ ಶೇ 23ರಿಂದ 13ಕ್ಕೆ ಇಳಿಯಿತು. ಹೃದಯ ನಿಂತವರ ಆ ಹೆಚ್ಚಳದಲ್ಲಿ ಕೋವಿಡ್ ನೇರ ಕಾರಣವಾದದ್ದು ಸುಮಾರು ಮೂರನೇ ಒಂದು ಪಾಲಿಗೆ ಮಾತ್ರ.

ರೋಗಿಯ ಬಾಯಿ–ಮೂಗಿಗೆ ಬಟ್ಟೆ ಹೊದಿಸಿ, ಉಸಿರು ಊದದೆ, ಬರೀ ಎದೆ ಒತ್ತಿದರೂ ಸಾಕೆಂಬ ಸಲಹೆ 2020ರ ಏಪ್ರಿಲ್‌ನಲ್ಲೇ ಅಮೆರಿಕದ ಹೃದಯ ಸಂಘದಿಂದ ಬಂದಿತ್ತು. ಕೈ ತೊಳೆಯಿರಿ, ಮಾಸ್ಕ್ ಹಾಕಿ ಎಂದು ನಮ್ಮ ಬೀದಿಯಲ್ಲಿ ಮೈಕ್ ಕಟ್ಟಿಕೊಂಡು ಸುತ್ತಿದ ಆಟೊಗಳು ಇದೊಂದನ್ನು ಹೇಳಲಿಲ್ಲ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೂ ತಂದಿತು. ದೊಡ್ಡ ಕೆಲಸ ಅದು. ಆದರೆ ಆಸ್ಪತ್ರೆ ಮುಟ್ಟುವವರೆಗೆ ಜೀವ ಉಳಿದಿದ್ದವರಿಗೇ ಆ ಮದ್ದು.

ಮಹಾನಗರ ಪಾಲಿಕೆಗೆ, ನಮ್ಮೂರ ವೈದ್ಯಕೀಯ ಕಾಲೇಜುಗಳಿಗೆ ನನ್ನ ಕೋರಿಕೆ ಇಷ್ಟೆ: ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಪಾರ್ಕುಗಳಲ್ಲಿ, ಕುಂದುವಾಡ ಕೆರೆ ಏರಿಯ ಮೇಲೆ, ವಾಕಿಂಗ್ ಬರುವವರಿಗೆ ಎದೆ ಒತ್ತುವುದನ್ನು ಕಲಿಸಿ. ಓದುಗರೇ, ಯಾರಾದರೂ ಕುಸಿದು ಬಿದ್ದು, ಕೂಗಿದರೂ ಓಗೊಡದೆ, ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ. ಎದೆಯ ನಡುವೆ ಅಂಗೈ ಇಟ್ಟು, ಕನಿಷ್ಠ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.